ಒಂದೇ ಹೊತ್ತಿಗೆ ತಿಂದ ಪ್ರೋಟೀನ್ ಎಲ್ಲಾ ಮೈಗೆ ಹತ್ತುತ್ತದಾ, ಇಲ್ಲಾ 30 ಗ್ರಾಂಗೆ ನಿಂತುಬಿಡುತ್ತದಾ?

ಬೆಳಗಿನ_ಓಟ

ಎಲ್ಲರಿಗೂ ನಮಸ್ಕಾರ. ಒಂದು ವಿಷಯ ತುಂಬಾ ದಿನದಿಂದ ತಲೆ ಕೊರೆಯುತ್ತಿದೆ. ನಮ್ಮ ಜಿಮ್ ಟ್ರೈನರ್ ಯಾವಾಗಲೂ ಹೇಳುವ ಮಾತು: ಒಂದು ಹೊತ್ತಿಗೆ 30 ಗ್ರಾಂಗಿಂತ ಜಾಸ್ತಿ ಪ್ರೋಟೀನ್ ತಿಂದರೆ ದೇಹ ಹೀರಿಕೊಳ್ಳುವುದಿಲ್ಲ, ಉಳಿದದ್ದೆಲ್ಲ ಮೂತ್ರದಲ್ಲಿ ಹೋಗಿಬಿಡುತ್ತದೆ. ಅದಕ್ಕೇ ದಿನಕ್ಕೆ ಐದಾರು ಸಲ ಸ್ವಲ್ಪ ಸ್ವಲ್ಪ ತಿನ್ನಿ ಅನ್ನುತ್ತಾರೆ. ನನ್ನ ಕೆಲಸದಲ್ಲಿ ಅದು ಆಗುವ ಮಾತಲ್ಲ. ಎರಡು ದೊಡ್ಡ ಊಟ, ಅಷ್ಟೇ. ಹಾಗಾದರೆ ನಾನು ತಿನ್ನುವುದರಲ್ಲಿ ಅರ್ಧ ಸುಮ್ನೆ ಹಾಳಾಗುತ್ತಿದೆಯಾ?

ಇನ್ನೊಂದು, ಅಮ್ಮನಿಗೆ ಎಪ್ಪತ್ತು ದಾಟಿದೆ. ಊಟ ತುಂಬಾ ಕಡಿಮೆ ಮಾಡಿದ್ದಾರೆ, ಕಾಲು ಸಣ್ಣಗಾಗುತ್ತಿವೆ. ಅವರಿಗೂ ಪ್ರೋಟೀನ್ ಜಾಸ್ತಿ ಕೊಡಬೇಕಾ, ಕೊಟ್ಟರೆ ಕಿಡ್ನಿಗೆ ತೊಂದರೆ ಆಗುವುದಿಲ್ವಾ? ಗೊತ್ತಿರುವವರು ಬಿಡಿಸಿ ಹೇಳಿ. ಮೇಲೆ ಮೇಲೆ ಬೇಡ, ಉದ್ದವಾದರೂ ಪರವಾಗಿಲ್ಲ.

ಜೀವರಸ

ಜೀವರಸಾಯನಶಾಸ್ತ್ರ ಪಾಠ ಮಾಡುವವನು ನಾನು, ಹಾಗಾಗಿ ಇದು ನನ್ನ ಇಷ್ಟದ ವಿಷಯ. ಇಲ್ಲಿ ಮೂರು ಬೇರೆ ಬೇರೆ ಪ್ರಶ್ನೆ ಕಲಸಿಕೊಂಡಿವೆ. ತಿಂದದ್ದು ಅರಗುತ್ತದಾ? ಅರಗಿದ್ದು ರಕ್ತಕ್ಕೆ ಸೇರುತ್ತದಾ? ಸೇರಿದ್ದರಲ್ಲಿ ಎಷ್ಟು ಸ್ನಾಯು ಕಟ್ಟಲು ಹೋಗುತ್ತದೆ? ಮೊದಲೆರಡಕ್ಕೆ 30 ಗ್ರಾಂ ಅನ್ನುವ ಗೋಡೆ ಎಲ್ಲೂ ಇಲ್ಲ. ಮೂರನೆಯದರಲ್ಲಿ ಮಾತ್ರ ಸ್ವಲ್ಪ ಹುರುಳಿದೆ, ಅದೂ ಜನ ಹೇಳುವ ರೀತಿಯಲ್ಲಿ ಅಲ್ಲ.

ನಿಮ್ಮ ಟ್ರೈನರ್ ಮಾತಿನಲ್ಲೇ ಒಂದು ತೊಡಕಿದೆ, ನೋಡಿ. ಹೀರಿಕೊಳ್ಳದೆ ಉಳಿದದ್ದು ಹೋಗುವುದು ಮಲದಲ್ಲಿ, ಮೂತ್ರದಲ್ಲಿ ಅಲ್ಲ. ಮೂತ್ರಕ್ಕೆ ಬರಬೇಕಾದರೆ ಅದು ಮೊದಲು ಕರುಳು ದಾಟಿ ರಕ್ತಕ್ಕೆ ಸೇರಿರಲೇಬೇಕು. ಅಂದರೆ ಮೂತ್ರದಲ್ಲಿ ಯೂರಿಯಾ (ಪ್ರೋಟೀನ್ ಒಡೆದು ಉರಿದಾಗ ಉಳಿಯುವ ಕಸ) ಜಾಸ್ತಿಯಾಯಿತು ಅಂದರೆ ಹೀರಿಕೊಂಡಿದೆ ಅಂತಲೇ ಲೆಕ್ಕ.

ಈಗ ಒಳಗೆ ಏನಾಗುತ್ತದೆ ಅಂತ ಹೇಳುತ್ತೇನೆ. ಪ್ರೋಟೀನ್ ಅಂದರೆ ಅಮೈನೋ ಆಮ್ಲಗಳ ಉದ್ದನೆಯ ಎಳೆ, ಸಿಕ್ಕುಬಿದ್ದ ನೂಲಿನ ಉಂಡೆಯ ಹಾಗೆ ತನ್ನೊಳಗೇ ಮಡಚಿಕೊಂಡಿರುತ್ತದೆ. ಹೊಟ್ಟೆಯ ಆಮ್ಲ ಮೊದಲು ಆ ಮಡಿಕೆಯನ್ನು ಬಿಚ್ಚುತ್ತದೆ. ಬಿಚ್ಚಿದ ಮೇಲೆ ಪೆಪ್ಸಿನ್ ಅನ್ನುವ ಕಿಣ್ವ ಅಲ್ಲಲ್ಲಿ ಕತ್ತರಿಸುತ್ತದೆ. ಪೆಪ್ಸಿನ್ ಅನ್ನು ಥಿಯೋಡರ್ ಶ್ವಾನ್ 1836ರಲ್ಲೇ ಕಂಡುಹಿಡಿದಿದ್ದರು, ಅದಕ್ಕೇ ಎಲ್ಲಾ ಪಠ್ಯಪುಸ್ತಕಗಳೂ ಅದರಿಂದಲೇ ಶುರುವಾಗುತ್ತವೆ. ಆದರೆ ಅದು ಮಾಡುವ ಕೆಲಸ ಒಟ್ಟು ಕೆಲಸದಲ್ಲಿ ಸಣ್ಣ ಪಾಲು. ಹೊಟ್ಟೆಯನ್ನೇ ಆಪರೇಷನ್ ಮಾಡಿ ತೆಗೆದವರಿಗೂ ಪ್ರೋಟೀನ್ ಬಹುಪಾಲು ಅರಗುತ್ತದೆ.

ನಿಜವಾದ ಕೆಲಸ ಸಣ್ಣ ಕರುಳಿನಲ್ಲಿ. ಮೇದೋಜೀರಕ ಗ್ರಂಥಿ ಟ್ರಿಪ್ಸಿನ್, ಕೈಮೋಟ್ರಿಪ್ಸಿನ್, ಎಲಾಸ್ಟೇಸ್ ಇವನ್ನೆಲ್ಲ ಕಳಿಸುತ್ತದೆ, ಆದರೆ ನಿಷ್ಕ್ರಿಯ ರೂಪದಲ್ಲಿ. ಇಲ್ಲದಿದ್ದರೆ ಗ್ರಂಥಿ ತನ್ನನ್ನೇ ಅರಗಿಸಿಕೊಂಡುಬಿಡುತ್ತದೆ. ಕರುಳಿನ ಗೋಡೆಯ ಮೇಲಿರುವ ಎಂಟೆರೋಕೈನೇಸ್ ಟ್ರಿಪ್ಸಿನ್‌ಗೆ ಚಾಲನೆ ಕೊಡುತ್ತದೆ, ಟ್ರಿಪ್ಸಿನ್ ಉಳಿದವನ್ನೆಲ್ಲ ಎಬ್ಬಿಸುತ್ತದೆ. ಹುಟ್ಟಿನಿಂದಲೇ ಎಂಟೆರೋಕೈನೇಸ್ ಇಲ್ಲದ ಮಕ್ಕಳೂ ಇದ್ದಾರೆ, ತೀರಾ ಅಪರೂಪ. ಅವರಿಗೆ ಎಷ್ಟು ಹಾಲುಣಿಸಿದರೂ ತೂಕ ಏರುವುದಿಲ್ಲ. ಒಂದು ಕಿಣ್ವದ ಮೇಲೆ ಎಷ್ಟು ನಿಂತಿದೆ ನೋಡಿ.

ಇನ್ನು ಹೀರಿಕೊಳ್ಳುವುದು. ಪ್ರೋಟೀನ್ ಒಂದೊಂದೇ ಅಮೈನೋ ಆಮ್ಲವಾಗಿ ಒಡೆದ ಮೇಲೇ ಒಳಗೆ ಹೋಗುತ್ತದೆ ಅಂತ ಶಾಲೆಯಲ್ಲಿ ಹೇಳಿಕೊಡುತ್ತಾರೆ, ಅದು ಅರ್ಧ ಸತ್ಯ. ಎರಡು ಅಥವಾ ಮೂರು ಅಮೈನೋ ಆಮ್ಲ ಸೇರಿದ ತುಣುಕುಗಳು ಪೆಪ್ಟ್‌1 ಅನ್ನುವ ಇನ್ನೊಂದು ದಾರಿಯಲ್ಲಿ ಹಾಗೇ ಒಳಗೆ ಹೋಗುತ್ತವೆ, ಕರುಳಿನ ಜೀವಕೋಶದ ಒಳಗೆ ಬಿಡಿಯಾಗುತ್ತವೆ. ಹಾರ್ಟ್‌ನಪ್ ಅನ್ನುವ ಕಾಯಿಲೆ ಇದಕ್ಕೆ ಒಳ್ಳೆಯ ಸಾಕ್ಷಿ. ಅವರಿಗೆ ಟ್ರಿಪ್ಟೊಫಾನ್‌ನಂಥ ಹಲವು ಅಮೈನೋ ಆಮ್ಲಗಳನ್ನು ಬಿಡಿಯಾಗಿ ಒಯ್ಯುವ ವಾಹಕ ಕೆಟ್ಟಿರುತ್ತದೆ. ಆದರೂ ಸರಿಯಾಗಿ ಊಟ ಮಾಡಿದರೆ ಹೆಚ್ಚಿನವರು ಚೆನ್ನಾಗಿಯೇ ಇರುತ್ತಾರೆ, ಯಾಕೆಂದರೆ ಅವೇ ಆಮ್ಲಗಳು ತುಣುಕುಗಳ ರೂಪದಲ್ಲಿ ಪಕ್ಕದ ಬಾಗಿಲಿನಿಂದ ಬರುತ್ತವೆ.

ಒಂದು ಲೆಕ್ಕವನ್ನೂ ಗಮನಿಸಿ. ಕಿಣ್ವಗಳು, ಲೋಳೆ, ಸವೆದು ಉದುರಿದ ಕರುಳಿನ ಜೀವಕೋಶಗಳು, ಇವೆಲ್ಲ ಸೇರಿ ನಮ್ಮದೇ ಪ್ರೋಟೀನ್ ದಿನಕ್ಕೆ 50 ಗ್ರಾಂಗೂ ಜಾಸ್ತಿ ಕರುಳಿಗೆ ಸುರಿಯುತ್ತದೆ. ಅದರಲ್ಲೂ ಬಹುಪಾಲು ವಾಪಸ್ ಹೀರಿಕೊಳ್ಳುತ್ತೇವೆ. ಇಷ್ಟು ಕೆಲಸ ದಿನವೂ ಮಾಡುವ ಕರುಳು ಒಂದು ಊಟದಲ್ಲಿ 30 ಗ್ರಾಂ ಆದ ಕೂಡಲೇ ಬಾಗಿಲು ಹಾಕುವುದಿಲ್ಲ.

ತೂಕದ_ಕಲ್ಲು

ಸರ್, ವಿವರಣೆ ಚೆನ್ನಾಗಿದೆ, ಆದರೆ ಪೂರ್ತಿ ಒಪ್ಪಲು ಆಗುತ್ತಿಲ್ಲ. 20 ಗ್ರಾಂ ಆದ ಮೇಲೆ ಸ್ನಾಯು ಕಟ್ಟುವ ವೇಗ ಏರುವುದಿಲ್ಲ ಅಂತ ಅಧ್ಯಯನಗಳೇ ಇವೆಯಲ್ಲ? ಅದು ಟ್ರೈನರ್‌ಗಳು ಹುಟ್ಟಿಸಿದ ಮಾತಲ್ಲ. ಮತ್ತೆ ವೇ ಪ್ರೋಟೀನ್ (ಹಾಲು ಒಡೆದಾಗ ಉಳಿಯುವ ನೀರಿನಲ್ಲಿರುವ ಪ್ರೋಟೀನ್) ಗಂಟೆಗೆ 8-10 ಗ್ರಾಂ ಮಾತ್ರ ಹೀರಿಕೊಳ್ಳುತ್ತದೆ ಅಂತಲೂ ಓದಿದ್ದೇನೆ. ಮೂರು ಗಂಟೆ ಅಂದರೆ 30 ಗ್ರಾಂ. ಲೆಕ್ಕ ಸರಿಯಾಗೇ ಕೂಡುತ್ತದೆ ಅಲ್ವಾ?

ಜೀವರಸ

ಒಳ್ಳೆ ಪ್ರಶ್ನೆ, ಇದೇ ಬೇಕಾಗಿತ್ತು. ಎರಡನ್ನೂ ಬಿಡಿಸುತ್ತೇನೆ.

ಗಂಟೆಗೆ 8-10 ಗ್ರಾಂ ಅನ್ನುವುದು ವೇಗದ ಅಂದಾಜು, ಒಟ್ಟು ಪ್ರಮಾಣದ ಮಿತಿ ಅಲ್ಲ. ಮೂರು ಗಂಟೆಗೆ ಕೆಲಸ ಮುಗಿಯಿತು ಅಂತ ಯಾರು ಹೇಳಿದರು? ಸಣ್ಣ ಕರುಳು ಸುಮಾರು 6 ಮೀಟರ್ ಉದ್ದ ಇದೆ. ಜಾಸ್ತಿ ತಿಂದಾಗ ಕರುಳು ಸಿಸಿಕೆಯಂಥ ಹಾರ್ಮೋನುಗಳನ್ನು ಬಿಟ್ಟು ಹೊಟ್ಟೆ ಖಾಲಿಯಾಗುವುದನ್ನೇ ನಿಧಾನ ಮಾಡುತ್ತದೆ. ಊಟ ದೊಡ್ಡದಾದರೆ ಸಮಯ ಹಿಡಿಯುತ್ತದೆ, ಅಷ್ಟೇ. ತಿಂದು ಆರೇಳು ಗಂಟೆಯಾದರೂ ಅಮೈನೋ ಆಮ್ಲಗಳು ರಕ್ತಕ್ಕೆ ಬರುತ್ತಲೇ ಇರುತ್ತವೆ.

20 ಗ್ರಾಂ ಮಾತು ಎಲ್ಲಿಂದ ಬಂತು ಅಂದರೆ, 2009ರಲ್ಲಿ ಕೆನಡಾದ ಮೆಕ್‌ಮಾಸ್ಟರ್ ವಿಶ್ವವಿದ್ಯಾಲಯದ ಒಂದು ಪ್ರಯೋಗದಿಂದ. ಯುವಕರಿಗೆ ಕಾಲಿನ ವ್ಯಾಯಾಮ ಮಾಡಿಸಿ 0, 5, 10, 20, 40 ಗ್ರಾಂ ಮೊಟ್ಟೆ ಪ್ರೋಟೀನ್ ಕುಡಿಸಿದರು. 20ಕ್ಕೂ 40ಕ್ಕೂ ಸ್ನಾಯು ಕಟ್ಟುವ ವೇಗದಲ್ಲಿ ಹೆಚ್ಚು ವ್ಯತ್ಯಾಸ ಕಾಣಲಿಲ್ಲ, ಬದಲಿಗೆ ಲ್ಯೂಸಿನ್ ಅನ್ನುವ ಅಮೈನೋ ಆಮ್ಲ ಇಂಧನವಾಗಿ ಉರಿದುಹೋಗುವುದು ಜಾಸ್ತಿಯಾಯಿತು. ಪ್ರಯೋಗದಲ್ಲಿ ತಪ್ಪಿಲ್ಲ. ಆದರೆ ಅಲ್ಲಿ ಇದ್ದದ್ದು ಬೆರಳೆಣಿಕೆಯ ಜನ, ಅಳೆದದ್ದು 4 ಗಂಟೆ, ಕೊಟ್ಟದ್ದು ಬೇಗ ಅರಗುವ ಪಾನೀಯ, ದಣಿದದ್ದು ಕಾಲು ಮಾತ್ರ. 2016ರಲ್ಲಿ ಸ್ಕಾಟ್ಲೆಂಡಿನ ಸ್ಟರ್ಲಿಂಗ್ ವಿಶ್ವವಿದ್ಯಾಲಯದವರು ಇಡೀ ಮೈಗೆ ವ್ಯಾಯಾಮ ಮಾಡಿಸಿ ನೋಡಿದಾಗ 40 ಗ್ರಾಂ, 20 ಗ್ರಾಂಗಿಂತ ಸುಮಾರು 20% ಜಾಸ್ತಿ ಫಲ ಕೊಟ್ಟಿತು.

ಆಮೇಲೆ 2023ರಲ್ಲಿ ನೆದರ್ಲೆಂಡ್ಸ್‌ನ ಮಾಸ್ಟ್ರಿಕ್ಟ್ ವಿಶ್ವವಿದ್ಯಾಲಯದ ಪ್ರಯೋಗ ಬಂತು. ಇದನ್ನು ಓದಿದಾಗ ನನಗೆ ನಿಜಕ್ಕೂ ಖುಷಿಯಾಯಿತು. ಹಸುವಿನ ರಕ್ತಕ್ಕೆ ಗುರುತು ಹಾಕಿದ ಅಮೈನೋ ಆಮ್ಲ ಕೊಟ್ಟು, ಆ ಗುರುತು ಹಾಲಿನ ಪ್ರೋಟೀನ್‌ಗೇ ಬರುವಂತೆ ಮಾಡಿ, ಆ ಪ್ರೋಟೀನನ್ನು ಜನರಿಗೆ ಕುಡಿಸಿ ಅದು ಎಲ್ಲೆಲ್ಲಿ ಹೋಗುತ್ತದೆ ಅಂತ ಹಿಂಬಾಲಿಸಿದರು. ವ್ಯಾಯಾಮ ಆದ ಮೇಲೆ ಕೆಲವರಿಗೆ 25 ಗ್ರಾಂ, ಕೆಲವರಿಗೆ 100 ಗ್ರಾಂ, ಕೆಲವರಿಗೆ ಏನೂ ಇಲ್ಲ. ಅಳೆದದ್ದು 12 ಗಂಟೆ. 100 ಗ್ರಾಂ ಕುಡಿದವರಲ್ಲಿ ಸ್ನಾಯು ಕಟ್ಟುವ ಕೆಲಸ ಹೆಚ್ಚೂ ಆಯಿತು, ಹೆಚ್ಚು ಹೊತ್ತೂ ನಡೆಯಿತು. ಉರಿದುಹೋದ ಪಾಲು ಸಣ್ಣದು. 4 ಗಂಟೆಗೆ ಅಳತೆ ನಿಲ್ಲಿಸಿದರೆ ದೊಡ್ಡ ಊಟದ ಕಥೆ ಅರ್ಧಕ್ಕೇ ನಿಂತ ಹಾಗೆ.

ಹಾಗಂತ ದಿನವೂ ಒಂದೇ ಸಲ 100 ಗ್ರಾಂ ತಿನ್ನಿ ಅಂತ ನಾನು ಹೇಳುತ್ತಿಲ್ಲ. ಅದು ಒಂದು ದಿನದ ಅಳತೆ, ತಿಂಗಳುಗಟ್ಟಲೆ ಸ್ನಾಯು ಬೆಳೆದದ್ದನ್ನು ನೋಡಿದ್ದಲ್ಲ, ಅದೂ ಯುವಕರಲ್ಲಿ. ಆದರೆ "ಉಳಿದದ್ದು ಹಾಳು" ಅನ್ನುವ ಮಾತು ಅದರ ಮುಂದೆ ನಿಲ್ಲುವುದಿಲ್ಲ.

ತೂಕದ_ಕಲ್ಲು

ಸರಿ, 4 ಗಂಟೆ ಮತ್ತು 12 ಗಂಟೆಯ ವ್ಯತ್ಯಾಸ ಈಗ ಅರ್ಥವಾಯಿತು. ಹಾಗಾದರೆ ವೇ, ಕೇಸಿನ್ ಜಗಳ ಏನು? ಎರಡೂ ಹಾಲಿನದ್ದೇ ಅಲ್ವಾ?

ಹಳೇ_ಓದುಗ

ಇದಕ್ಕೆ ನಾನು ಉತ್ತರಿಸುತ್ತೇನೆ. ಹೌದು, ಎರಡೂ ಹಾಲಿನದ್ದೇ. ಹಾಲಿನ ಪ್ರೋಟೀನ್‌ನಲ್ಲಿ ಸುಮಾರು 80% ಕೇಸಿನ್, 20% ವೇ. ಹೊಟ್ಟೆಯ ಆಮ್ಲ ತಾಗಿದ ಕೂಡಲೇ ಕೇಸಿನ್ ಗಟ್ಟಿಯಾಗಿ ಮೊಸರಿನ ಹಾಗೆ ಹೆಪ್ಪುಗಟ್ಟುತ್ತದೆ, ಮೆಲ್ಲಗೆ ಕರಗುತ್ತದೆ. ವೇ ಹಾಗೇ ನೀರಾಗಿ ಜಾರಿಹೋಗುತ್ತದೆ. 1997ರಲ್ಲಿ ಫ್ರಾನ್ಸಿನವರು ಇದನ್ನು ಅಳೆದಾಗ ವೇ ಕುಡಿದವರಲ್ಲಿ ಹೊಸ ಪ್ರೋಟೀನ್ ಕಟ್ಟುವುದು 68% ಏರಿತು, ಕೇಸಿನ್‌ನಲ್ಲಿ 31% ಮಾತ್ರ. ಆದರೆ ಕೇಸಿನ್ ದೇಹದ ಪ್ರೋಟೀನ್ ಒಡೆಯುವುದನ್ನು 34% ತಗ್ಗಿಸಿತು, ವೇ ಅದನ್ನು ಮಾಡಲಿಲ್ಲ. ಏಳು ಗಂಟೆಯ ಕೊನೆಗೆ ಲೆಕ್ಕ ಹಾಕಿದರೆ ಮುಂದೆ ಇದ್ದದ್ದು ಕೇಸಿನ್.

ಇಷ್ಟನ್ನು ಇಟ್ಟುಕೊಂಡು ಎರಡೆರಡು ಡಬ್ಬ ಕೊಳ್ಳುವ ಅಗತ್ಯ ನನಗಂತೂ ಕಾಣುವುದಿಲ್ಲ. ಇದು ಖಾಲಿ ಹೊಟ್ಟೆಯಲ್ಲಿ ಒಂದನ್ನೇ ಕುಡಿದಾಗಿನ ಮಾತು. ಊಟದಲ್ಲಿ ಕೊಬ್ಬು, ನಾರು, ಬೇರೆ ಎಲ್ಲವೂ ಇದ್ದಾಗ ಎಲ್ಲವೂ ನಿಧಾನವಾಗುತ್ತದೆ.

ಹಸಿರೆಲೆ

ನಾನು ಮಾಂಸ ಮೊಟ್ಟೆ ಎರಡೂ ತಿನ್ನುವುದಿಲ್ಲ. ಕಾಳು ಬೇಳೆಯ ಪ್ರೋಟೀನ್ "ಅಪೂರ್ಣ", ಮೈಗೆ ಹತ್ತುವುದಿಲ್ಲ ಅಂತ ಹೇಳುವುದನ್ನು ಕೇಳಿ ಕೇಳಿ ಸಾಕಾಗಿದೆ. ಇದರಲ್ಲಿ ಎಷ್ಟು ನಿಜ?

ತಟ್ಟೆ_ತೂಕ

ನಾನು ಆಹಾರತಜ್ಞೆ, ಆಸ್ಪತ್ರೆಯಲ್ಲಿ ಕೆಲಸ. ಇದರಲ್ಲಿ ನಿಜ ಸ್ವಲ್ಪ, ಹೆದರಿಕೆ ಜಾಸ್ತಿ.

ನಮ್ಮ ದೇಹ ತಯಾರಿಸಲಾಗದ ಅಮೈನೋ ಆಮ್ಲಗಳು 9. ಲ್ಯೂಸಿನ್, ಐಸೊಲ್ಯೂಸಿನ್, ವ್ಯಾಲಿನ್, ಲೈಸಿನ್, ಮೆಥಿಯೊನಿನ್, ಫಿನೈಲ್‌ಅಲನಿನ್, ಥ್ರಿಯೊನಿನ್, ಟ್ರಿಪ್ಟೊಫಾನ್, ಹಿಸ್ಟಿಡಿನ್. ಇವು ಊಟದಿಂದಲೇ ಬರಬೇಕು. ಕಾಳುಗಳಲ್ಲೂ ಒಂಬತ್ತೂ ಇವೆ, ಒಂದೂ ಸೊನ್ನೆಯಲ್ಲ. ಮೆಥಿಯೊನಿನ್ ಕಡಿಮೆ, ಅಷ್ಟೇ. ಧಾನ್ಯಗಳಲ್ಲಿ ಲೈಸಿನ್ ಕಡಿಮೆ, ಮೆಥಿಯೊನಿನ್ ಸಾಕಷ್ಟು. ಎರಡೂ ಸೇರಿದಾಗ ಕೊರತೆ ತುಂಬುತ್ತದೆ. ಒಂದೇ ತಟ್ಟೆಯಲ್ಲಿ ಇರಲೇಬೇಕು ಅಂತಲೂ ಇಲ್ಲ, ಅದೇ ದಿನದೊಳಗೆ ಇದ್ದರೆ ಸಾಕು. ನಿಜವಾಗಿ ಸೊನ್ನೆ ಇರುವುದು ಪ್ರಾಣಿಗಳ ಚರ್ಮ, ಮೂಳೆಯ ಕೊಲಾಜನ್ ಅನ್ನುವ ಪ್ರೋಟೀನ್ ಬೇಯಿಸಿ ಮಾಡುವ ಜೆಲಾಟಿನ್‌ನಲ್ಲಿ, ಅದರಲ್ಲಿ ಟ್ರಿಪ್ಟೊಫಾನ್ ಇಲ್ಲವೇ ಇಲ್ಲ. ಪ್ರಾಣಿಮೂಲದ್ದು ಅಂದ ಮಾತ್ರಕ್ಕೆ ಪೂರ್ಣ ಅಲ್ಲ.

ಅರಗುವ ವಿಷಯಕ್ಕೆ ಬಂದರೆ ಮೊಟ್ಟೆ, ಹಾಲು 95% ಆಸುಪಾಸು ಅರಗುತ್ತವೆ, ಕಾಳುಗಳು ಹೆಚ್ಚಾಗಿ 75-85%. ಯಾಕೆ ಕಡಿಮೆ? ಜೀವಕೋಶದ ಗೋಡೆ ದಪ್ಪ, ಜೊತೆಗೆ ಕಾಳುಗಳಲ್ಲಿ ಟ್ರಿಪ್ಸಿನ್‌ಗೆ ಅಡ್ಡಗಾಲು ಹಾಕುವ ಪದಾರ್ಥಗಳಿವೆ. ನೆನೆಸಿ, ಮೊಳಕೆ ಬರಿಸಿ, ಚೆನ್ನಾಗಿ ಬೇಯಿಸಿದರೆ ಅವುಗಳ ಬಲ ಬಹಳ ಮಟ್ಟಿಗೆ ಅಡಗುತ್ತದೆ. ಹಸಿ ಸೋಯಾ ಹಿಟ್ಟು ಬೇಡ, ಬೇಯಿಸಿದ ಸೋಯಾ ಬಹಳ ಒಳ್ಳೆಯದು. ಹಾಗಾಗಿ ಬರೀ ಸಸ್ಯಾಹಾರದಲ್ಲಿ ಇರುವವರು ಪ್ರಮಾಣ ಸ್ವಲ್ಪ ಏರಿಸಿಕೊಂಡರೆ ಲೆಕ್ಕ ಸರಿಹೋಗುತ್ತದೆ.

ಬೇಯಿಸುವುದರ ಮಾತು ಬಂತು, ಹಸಿ ಮೊಟ್ಟೆ ಕುಡಿಯುವವರಿಗೂ ಒಂದು ಮಾತು. ಸಣ್ಣ ಕರುಳಿನ ತುದಿಯನ್ನು ಹೊಟ್ಟೆಯ ಹೊರಗೆ ತೆರೆದಿದ್ದ ರೋಗಿಗಳಲ್ಲಿ 1998ರಲ್ಲಿ ಅಳೆದು ನೋಡಿದ್ದಾರೆ. ಬೇಯಿಸಿದ ಮೊಟ್ಟೆಯ ಪ್ರೋಟೀನ್ 91% ಅರಗಿತ್ತು, ಹಸಿಯದು 51%. ಹಸಿ ಕುಡಿದರೆ ಶಕ್ತಿ ಅನ್ನುವ ಮಾತನ್ನು ದಯವಿಟ್ಟು ಬಿಡಿ. ಸೋಂಕಿನ ಭಯ ಬೇರೆ.

ಮಳೆಹನಿ

ಮೇಡಂ, ಜೆಲಾಟಿನ್ ಮಾತು ಬಂದದ್ದರಿಂದ ಕೇಳುತ್ತೇನೆ. ಕೊಲಾಜನ್ ಪೌಡರ್ ಕುಡಿದರೆ ಅದು ನೇರ ಚರ್ಮಕ್ಕೆ, ಕೀಲಿಗೆ ಹೋಗುತ್ತದಾ?

ಜೀವರಸ

ನೇರ ಹೋಗುವುದಿಲ್ಲ. ಇನ್ಸುಲಿನ್ ಯಾಕೆ ಚುಚ್ಚಿಕೊಳ್ಳಬೇಕು ಅಂತ ಯೋಚಿಸಿ ನೋಡಿ. ಅದು 51 ಅಮೈನೋ ಆಮ್ಲಗಳ ಪುಟ್ಟ ಪ್ರೋಟೀನ್. ನುಂಗಿದರೆ ಕರುಳು ಅದನ್ನು ಔಷಧಿ ಅಂತ ನೋಡುವುದಿಲ್ಲ, ಊಟ ಅಂತ ಕತ್ತರಿಸುತ್ತದೆ. ಕೊಲಾಜನ್ ಅದಕ್ಕಿಂತ ಎಷ್ಟೋ ಪಟ್ಟು ದೊಡ್ಡದು.

ಆದರೆ ನ್ಯಾಯವಾಗಿ ಹೇಳಬೇಕಾದ ಒಂದು ಮಾತೂ ಇದೆ. ಕೊಲಾಜನ್‌ನಲ್ಲಿ ಪ್ರೋಲಿನ್, ಹೈಡ್ರಾಕ್ಸಿಪ್ರೋಲಿನ್ ಜಾಸ್ತಿ, ಇವು ಇರುವ ಜೋಡಿಗಳನ್ನು ಕತ್ತರಿಸುವುದು ಕಷ್ಟ. ಹಾಗಾಗಿ ಎರಡು-ಮೂರು ಆಮ್ಲಗಳ ತುಣುಕುಗಳು ಸ್ವಲ್ಪ ಪ್ರಮಾಣದಲ್ಲಿ ಹಾಗೇ ರಕ್ತದಲ್ಲಿ ಕಾಣಿಸುತ್ತವೆ. ಅದೇನಿದ್ದರೂ ಕೊಲಾಜನ್ ಹಾಗೇ ಹೋಗಿ ಮುಖದ ಚರ್ಮಕ್ಕೆ ಅಂಟಿಕೊಳ್ಳುತ್ತದೆ ಅನ್ನುವುದಕ್ಕೂ ಇದಕ್ಕೂ ಬಹಳ ದೂರ ಇದೆ. ಸ್ನಾಯುವಿಗಂತೂ ಅದು ಬಡ ಪ್ರೋಟೀನ್.

ಗೋಧಿಯಲ್ಲಿರುವ ಗ್ಲುಟನ್ ಅನ್ನುವ ಪ್ರೋಟೀನಿನ ಕಥೆಯೂ ಇದೇ ಜಾತಿಯದು. ಪ್ರೋಲಿನ್ ತುಂಬಿರುವುದರಿಂದ ಅದರಲ್ಲಿ 33 ಆಮ್ಲಗಳ ಒಂದು ತುಣುಕನ್ನು ನಮ್ಮ ಯಾವ ಕಿಣ್ವವೂ ಸರಿಯಾಗಿ ಕತ್ತರಿಸಲಾರದು. ಹೆಚ್ಚಿನವರಿಗೆ ಅದರಿಂದ ಏನೂ ಆಗುವುದಿಲ್ಲ. ಸೀಲಿಯಾಕ್ ಕಾಯಿಲೆ ಇರುವವರಲ್ಲಿ ರೋಗನಿರೋಧಕ ವ್ಯವಸ್ಥೆ ಆ ತುಣುಕಿನ ಮೇಲೇ ಬೀಳುತ್ತದೆ.

ಬೆಳಗಿನ_ಓಟ

ಎಲ್ಲರಿಗೂ ತುಂಬಾ ಧನ್ಯವಾದ. ಹೀರಿಕೊಳ್ಳುವುದು ಅರ್ಥವಾಯಿತು. ಆದರೆ ಇನ್ನೊಂದು ಪ್ರಶ್ನೆ ಉಳಿದಿದೆ. ಸ್ನಾಯುವಿಗೆ ಬೇಡವಾದದ್ದು ಎಲ್ಲಿಗೆ ಹೋಗುತ್ತದೆ? ಕೊಬ್ಬು ಹೇಗೂ ಹೊಟ್ಟೆ ಸುತ್ತ ಕೂರುತ್ತದೆ, ಹಾಗೆ ಪ್ರೋಟೀನ್ ಎಲ್ಲಾದರೂ ಕೂಡಿಟ್ಟುಕೊಳ್ಳುತ್ತದಾ ದೇಹ?

ಜೀವರಸ

ಇಡೀ ವಿಷಯದಲ್ಲಿ ನನಗೆ ಅತಿ ಇಷ್ಟವಾದ ಭಾಗ ಇದು, ಸ್ವಲ್ಪ ಉದ್ದ ಆಗುತ್ತದೆ.

ಪ್ರೋಟೀನ್‌ಗೆ ಉಗ್ರಾಣ ಇಲ್ಲ. ಕೊಬ್ಬಿಗೆ ಇದೆ, ಸಕ್ಕರೆಗೆ ಲಿವರ್ ಮತ್ತು ಸ್ನಾಯುವಿನಲ್ಲಿ ಗ್ಲೈಕೋಜನ್ ಆಗಿ ಇದೆ. ಪ್ರೋಟೀನ್ ಇರುವುದೆಲ್ಲ ಕೆಲಸದಲ್ಲಿರುವ ಪ್ರೋಟೀನೇ. ಸ್ನಾಯು, ಚರ್ಮ, ರಕ್ತ, ಕಿಣ್ವ. 70 ಕೆಜಿ ತೂಕದವರಲ್ಲಿ ಸುಮಾರು 10-11 ಕೆಜಿ ಪ್ರೋಟೀನ್ ಇರುತ್ತದೆ. ಅದು ಕಟ್ಟಿ ಮುಗಿಸಿದ ಕಟ್ಟಡ ಅಂತ 1930ರ ದಶಕದವರೆಗೂ ಬಹಳ ಜನ ನಂಬಿದ್ದರು. ಸವೆದ ಚೂರುಪಾರು ರಿಪೇರಿಗೆ ಮಾತ್ರ ಊಟದ ಪ್ರೋಟೀನ್, ಉಳಿದದ್ದು ಹಾಗೇ ಉರಿದುಹೋಗುತ್ತದೆ ಅನ್ನುವುದು ಆಗಿನ ತಿಳುವಳಿಕೆ.

ಆಗ ರುಡಾಲ್ಫ್ ಶೋನ್‌ಹೈಮರ್ ಬಂದರು. ನಾಜಿಗಳ ಕಾಲದಲ್ಲಿ ಜರ್ಮನಿ ಬಿಟ್ಟು ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯ ಸೇರಿದ ವಿಜ್ಞಾನಿ. ಅಲ್ಲೇ ಹೆರಾಲ್ಡ್ ಯೂರಿ ನೈಟ್ರೋಜನ್-15, ಅಂದರೆ ಸಾರಜನಕದ ಭಾರವಾದ, ಗುರುತು ಹಿಡಿಯಬಹುದಾದ ರೂಪವನ್ನು ಬೇರ್ಪಡಿಸುತ್ತಿದ್ದರು. ಅದನ್ನು ಲ್ಯೂಸಿನ್‌ಗೆ ಸೇರಿಸಿ, ಬೆಳವಣಿಗೆ ನಿಂತ ದೊಡ್ಡ ಇಲಿಗಳಿಗೆ ತಿನ್ನಿಸಿದರು. ಹಳೇ ನಂಬಿಕೆಯ ಪ್ರಕಾರ ಅದೆಲ್ಲ ಮೂತ್ರದಲ್ಲಿ ಬರಬೇಕಿತ್ತು. ಬರಲಿಲ್ಲ. ಅರ್ಧಕ್ಕಿಂತ ಜಾಸ್ತಿ ಇಲಿಯ ಮೈಯ ಪ್ರೋಟೀನ್‌ಗಳಲ್ಲೇ ಸೇರಿಕೊಂಡಿತ್ತು. ತೂಕ ಮಾತ್ರ ಏರಿರಲಿಲ್ಲ. ಅಂದರೆ ಹೊಸದು ಸೇರಿದಷ್ಟೇ ಹಳೆಯದು ಬಿಚ್ಚಿಕೊಂಡು ಹೋಗಿತ್ತು. ನಮ್ಮ ಮೈಯಲ್ಲೂ ಹಾಗೇ, ದಿನಕ್ಕೆ ಸುಮಾರು 250-300 ಗ್ರಾಂ ಪ್ರೋಟೀನ್ ಒಡೆಯುತ್ತದೆ, ಹೆಚ್ಚುಕಡಿಮೆ ಅಷ್ಟೇ ಮತ್ತೆ ಕಟ್ಟುತ್ತದೆ. ನಾವು ತಿನ್ನುವುದು ಅದಕ್ಕಿಂತ ಎಷ್ಟೋ ಕಡಿಮೆ. ಒಡೆದದ್ದರಲ್ಲಿ ಬಹುಪಾಲು ಮತ್ತೆ ಬಳಕೆಯಾಗುತ್ತದೆ ಅನ್ನುವ ಕಾರಣಕ್ಕೇ ನಾವು ಇಷ್ಟು ಕಡಿಮೆ ತಿಂದು ಬದುಕುತ್ತೇವೆ.

ಈಗ ನಿಮ್ಮ ಊಟದ ದಾರಿ. ಕರುಳು ಹೀರಿಕೊಂಡದ್ದರಲ್ಲಿ ಮೊದಲ ಪಾಲು ಕರುಳೇ ತಿನ್ನುತ್ತದೆ. ಗ್ಲುಟಮಿನ್, ಗ್ಲುಟಮೇಟ್ ಅನ್ನುವ ಅಮೈನೋ ಆಮ್ಲಗಳು ಅದರ ಮುಖ್ಯ ಇಂಧನ. ಉಳಿದದ್ದು ನೇರ ಲಿವರ್‌ಗೆ. ಲಿವರ್ ತನಗೆ ಬೇಕಾದ್ದನ್ನು ಕಟ್ಟಿಕೊಳ್ಳುತ್ತದೆ, ರಕ್ತದಲ್ಲಿರುವ ಆಲ್ಬುಮಿನ್ ಅನ್ನುವ ಪ್ರೋಟೀನ್ ಅಲ್ಲೇ ತಯಾರಾಗುತ್ತದೆ. ಹೆಚ್ಚಾದ ಅಮೈನೋ ಆಮ್ಲಗಳನ್ನು ಒಡೆಯುವುದೂ ಅದೇ. ಆದರೆ ಲ್ಯೂಸಿನ್, ಐಸೊಲ್ಯೂಸಿನ್, ವ್ಯಾಲಿನ್ ಈ ಮೂರನ್ನು ಒಡೆಯುವ ಮೊದಲ ಕಿಣ್ವ ಲಿವರ್‌ನಲ್ಲಿ ತೀರಾ ಕಡಿಮೆ, ಹಾಗಾಗಿ ಅವು ಬಹುಪಾಲು ದಾಟಿಕೊಂಡು ಸ್ನಾಯುವಿಗೆ ತಲುಪುತ್ತವೆ. ಲ್ಯೂಸಿನ್ ಏರಿದ್ದನ್ನು ಸ್ನಾಯುವಿನ ಜೀವಕೋಶ ಗುರುತಿಸಿ, ಎಂಟಾರ್ ಅನ್ನುವ ವ್ಯವಸ್ಥೆಯ ಮೂಲಕ ಕಟ್ಟುವ ಕೆಲಸಕ್ಕೆ ಚಾಲನೆ ಕೊಡುತ್ತದೆ. ಊಟ ಬಂದಿದೆ ಅನ್ನುವ ಸುದ್ದಿಯನ್ನೂ ಕಟ್ಟುವ ಸಾಮಾನನ್ನೂ ಒಂದೇ ಅಣು ಹೊತ್ತು ತರುವುದು, ಎಷ್ಟು ಚೆಂದದ ಏರ್ಪಾಡು!

ಇನ್ನು ನಿಜವಾಗಿ ಹೆಚ್ಚಾದದ್ದು. ಅಮೈನೋ ಆಮ್ಲದಲ್ಲಿ ಎರಡು ಭಾಗ ಅಂತ ಇಟ್ಟುಕೊಳ್ಳಿ, ಸಾರಜನಕ ಇರುವ ತಲೆ, ಇಂಗಾಲದ ಮೈ. ಮೊದಲು ತಲೆಯನ್ನು ಬೇರೆ ಅಣುವಿಗೆ ವರ್ಗಾಯಿಸುತ್ತದೆ, ಇದಕ್ಕೆ ಬಿ6 ವಿಟಮಿನ್ ಬೇಕೇ ಬೇಕು. ಮೈ ಉಳಿಯುತ್ತದೆ. ಅದು ಇಂಧನವಾಗಿ ಉರಿಯಬಹುದು, ಗ್ಲೂಕೋಸ್ ಆಗಬಹುದು, ಕೊಬ್ಬಿನ ದಾರಿಗೂ ಹೋಗಬಹುದು. ಲ್ಯೂಸಿನ್ ಮತ್ತು ಲೈಸಿನ್ ಮಾತ್ರ ಗ್ಲೂಕೋಸ್ ಆಗಲಾರವು. ಪ್ರೋಟೀನ್ ನೇರ ಕೊಬ್ಬಾಗುವುದು ಕಡಿಮೆ. ಆದರೆ ಅದು ಉರಿಯುವಾಗ ಉಳಿದ ಊಟದ ಕೊಬ್ಬು ಉರಿಯದೆ ಉಳಿಯುತ್ತದೆ, ಹಾಗಾಗಿ ಒಟ್ಟು ಕ್ಯಾಲರಿ ಜಾಸ್ತಿಯಾದರೆ ತೂಕ ಏರಿಯೇ ಏರುತ್ತದೆ.

ತಲೆಯ ಸಾರಜನಕ ಅಮೋನಿಯಾ ಆಗುತ್ತದೆ, ಅದು ಮೆದುಳಿಗೆ ವಿಷ. ಲಿವರ್ ಅದನ್ನು ಯೂರಿಯಾ ಮಾಡಿ ಬಿಡುತ್ತದೆ. ಈ ಚಕ್ರವನ್ನು 1932ರಲ್ಲಿ ಹಾನ್ಸ್ ಕ್ರೆಬ್ಸ್ ಮತ್ತು ಕರ್ಟ್ ಹೆನ್ಸೆಲೈಟ್ ಬಿಡಿಸಿದರು, ಲಿವರ್‌ನ ತೆಳು ಚೂರುಗಳನ್ನಿಟ್ಟು. ಪ್ರೋಟೀನ್‌ನ ತೂಕದಲ್ಲಿ ಸುಮಾರು 16% ಸಾರಜನಕ. ಹಾಗಾಗಿ 100 ಗ್ರಾಂ ಪ್ರೋಟೀನ್ ಪೂರ್ತಿ ಉರಿದರೆ 34 ಗ್ರಾಂ ಯೂರಿಯಾ ಆಗುತ್ತದೆ. ಇದಕ್ಕೆಲ್ಲ ಶಕ್ತಿ ಖರ್ಚಾಗುತ್ತದೆ. ಪ್ರೋಟೀನ್‌ನ ಕ್ಯಾಲರಿಯಲ್ಲಿ 20-30% ಅದನ್ನು ನಿಭಾಯಿಸಲೇ ಹೋಗುತ್ತದೆ, ಪಿಷ್ಟಕ್ಕೆ 5-10%, ಕೊಬ್ಬಿಗೆ 0-3%.

ಮೂತ್ರದಲ್ಲಿ ಹೋಗುವುದು ಯೂರಿಯಾ. ಪ್ರೋಟೀನ್ ಹೋಗಬಾರದು. ನಿಮ್ಮ ರಿಪೋರ್ಟ್‌ನಲ್ಲಿ ಮೂತ್ರದಲ್ಲಿ ಆಲ್ಬುಮಿನ್ ಪದೇ ಪದೇ ಕಂಡರೆ ಜಾಸ್ತಿ ತಿಂದದ್ದಕ್ಕೆ ಅಂತ ಸುಮ್ಮನಿರಬೇಡಿ, ಅದು ಕಿಡ್ನಿಯ ಸೋಸುವ ಜಾಲರಿಯ ತೊಂದರೆಯ ಸೂಚನೆ ಇರಬಹುದು. ಡಾಕ್ಟರಿಗೆ ತೋರಿಸಿ.

ಮಳೆಹನಿ

ಇದನ್ನು ಉಳಿಸಿಟ್ಟುಕೊಂಡೆ. ಒಂದು ಸಣ್ಣ ಪ್ರಶ್ನೆ, ಕೇಳಲು ಸಂಕೋಚ. ಪ್ರೋಟೀನ್ ಜಾಸ್ತಿ ಮಾಡಿದ ಮೇಲೆ ಹೊಟ್ಟೆ ಉಬ್ಬರ, ಕೆಟ್ಟ ವಾಸನೆಯ ಗ್ಯಾಸ್. ಇದು ಹೀರಿಕೊಳ್ಳುತ್ತಿಲ್ಲ ಅನ್ನುವುದರ ಗುರುತು ಅಲ್ವಾ?

ತಟ್ಟೆ_ತೂಕ

ಸಂಕೋಚ ಬೇಡ, ಆಸ್ಪತ್ರೆಯಲ್ಲಿ ದಿನವೂ ಕೇಳುವ ಪ್ರಶ್ನೆ ಇದು. ಹೆಚ್ಚಾಗಿ ಅಪರಾಧಿ ಪ್ರೋಟೀನ್ ಅಲ್ಲ. ವೇ ಕಾನ್ಸನ್‌ಟ್ರೇಟ್‌ನಲ್ಲಿ ಹಾಲಿನ ಸಕ್ಕರೆ ಲ್ಯಾಕ್ಟೋಸ್ ಇರುತ್ತದೆ, ದೊಡ್ಡವರಾದ ಮೇಲೆ ಬಹಳ ಜನಕ್ಕೆ ಅದು ಅರಗುವುದಿಲ್ಲ. ಇನ್ನೂ ಶುದ್ಧ ಮಾಡಿದ ವೇ ಪುಡಿಯಾದ ಐಸೊಲೇಟ್‌ನಲ್ಲಿ ಅದು ತುಂಬಾ ಕಡಿಮೆ. ಕಾಳುಗಳಲ್ಲಾದರೆ ಅರಗದ ಕೆಲವು ಸಕ್ಕರೆಗಳಿವೆ, ದೊಡ್ಡ ಕರುಳಿನ ಬ್ಯಾಕ್ಟೀರಿಯಾ ಅವನ್ನು ಹುದುಗಿಸುತ್ತವೆ. ನೆನೆಸಿದ ನೀರು ಚೆಲ್ಲಿದರೆ ಸ್ವಲ್ಪ ಕಡಿಮೆಯಾಗುತ್ತದೆ. ಪುಡಿಗಳಲ್ಲಿ ಹಾಕುವ ಕೆಲವು ಸಿಹಿಕಾರಕಗಳೂ ಹೀಗೇ ಮಾಡುತ್ತವೆ.

ವಾಸನೆಗೆ ಮಾತ್ರ ಪ್ರೋಟೀನ್‌ನ ಕೈವಾಡ ಇದೆ. ದೊಡ್ಡ ಕರುಳಿಗೆ ತಲುಪಿದ ಸ್ವಲ್ಪ ಪ್ರೋಟೀನ್‌ನಲ್ಲಿರುವ ಗಂಧಕದಿಂದ ಬ್ಯಾಕ್ಟೀರಿಯಾ ಹೈಡ್ರೋಜನ್ ಸಲ್ಫೈಡ್ ಮಾಡುತ್ತವೆ. ಪ್ರಮಾಣ ಮೆಲ್ಲಗೆ ಏರಿಸಿ, ನಾರಿನಂಶ ಬಿಡಬೇಡಿ. ಆದರೆ ಮಲ ಎಣ್ಣೆಯ ಹಾಗೆ ತೇಲುತ್ತಿದ್ದರೆ, ತೂಕ ಇಳಿಯುತ್ತಿದ್ದರೆ ಅದು ಬೇರೆ ವಿಷಯ. ಮೇದೋಜೀರಕ ಗ್ರಂಥಿ ಸೋತಿದ್ದರೆ ಕಿಣ್ವಗಳನ್ನೇ ಮಾತ್ರೆಯಾಗಿ ಕೊಡಬೇಕಾಗುತ್ತದೆ. ತೋರಿಸಿಕೊಳ್ಳಿ.

ಈಗ ಬೆಳಗಿನ_ಓಟ ಅವರೇ, ನಿಮ್ಮ ಅಮ್ಮನ ವಿಷಯ. ನಿಮ್ಮ ಜಿಮ್ ಪ್ರಶ್ನೆಗಿಂತ ನನಗೆ ಇದೇ ಮುಖ್ಯ ಅನ್ನಿಸುತ್ತದೆ.

ವಯಸ್ಸಾದಂತೆ ಕರುಳು ಹೀರಿಕೊಳ್ಳುವುದು ಅಷ್ಟೇನೂ ಕಡಿಮೆಯಾಗುವುದಿಲ್ಲ. ಸ್ನಾಯು ಕಿವಿಗೊಡುವುದು ಕಡಿಮೆಯಾಗುತ್ತದೆ. ಅದೇ ಲ್ಯೂಸಿನ್‌ಗೆ ಮೊದಲಿನಷ್ಟು ಸ್ಪಂದಿಸುವುದಿಲ್ಲ. ಹಲವು ಪ್ರಯೋಗಗಳನ್ನು ಸೇರಿಸಿ 2015ರಲ್ಲಿ ಲೆಕ್ಕ ಹಾಕಿದಾಗ, ಒಂದು ಊಟದಲ್ಲಿ ಪೂರ್ತಿ ಪ್ರತಿಕ್ರಿಯೆ ಬರಲು ಯುವಕರಿಗೆ ತೂಕದ ಪ್ರತಿ ಕೆಜಿಗೆ 0.24 ಗ್ರಾಂ ಸಾಕಾಯಿತು, ವಯಸ್ಸಾದವರಿಗೆ 0.40 ಗ್ರಾಂ ಬೇಕಾಯಿತು. ಅಂದರೆ ಕಡಿಮೆ ತಿನ್ನುವವರಿಗೇ ಜಾಸ್ತಿ ಬೇಕು. ನಿಮ್ಮ ಟ್ರೈನರ್ ಹೇಳುವ ಹಾಗೆ ಚೂರು ಚೂರಾಗಿ ಆರು ಸಲ ಕೊಟ್ಟರೆ ಅಮ್ಮನಿಗೆ ಒಂದು ಸಲವೂ ಆ ಮಟ್ಟ ತಲುಪದೇ ಇರಬಹುದು. 50 ಕೆಜಿ ತೂಕ ಇದ್ದರೆ ಒಂದು ಊಟಕ್ಕೆ ಸುಮಾರು 20 ಗ್ರಾಂ, ಇಂಥ ಎರಡು ಮೂರು ಊಟ. ಬೆಳಗಿನ ತಿಂಡಿಯಲ್ಲೇ ಸಾಮಾನ್ಯವಾಗಿ ಪ್ರೋಟೀನ್ ತೀರಾ ಕಡಿಮೆ ಇರುತ್ತದೆ, ಅಲ್ಲಿಂದಲೇ ಸರಿಮಾಡಿ.

ದಿನದ ಒಟ್ಟು ಲೆಕ್ಕ: ದೊಡ್ಡವರಿಗೆಲ್ಲ ಹೇಳುವ ಕನಿಷ್ಠ ಸುರಕ್ಷಿತ ಮಟ್ಟ ಕೆಜಿಗೆ 0.83 ಗ್ರಾಂ, ವಿಶ್ವ ಆರೋಗ್ಯ ಸಂಸ್ಥೆಯದು. ವಯಸ್ಸಾದವರಿಗೆ 1.0-1.2 ಗ್ರಾಂ ಒಳ್ಳೆಯದು ಅಂತ ತಜ್ಞರು ಹೇಳುತ್ತಾರೆ. ನಿಮ್ಮಂತೆ ತೂಕ ಎತ್ತುವವರಿಗೆ 1.6ರ ಆಸುಪಾಸಿಗೆ ಬಂದ ಮೇಲೆ ಹೆಚ್ಚಿನ ಲಾಭ ಕಂಡಿಲ್ಲ.

ಕಿಡ್ನಿ: ಆರೋಗ್ಯವಾಗಿರುವ ಕಿಡ್ನಿ ಪ್ರೋಟೀನ್ ಜಾಸ್ತಿಯಾದಾಗ ಹೆಚ್ಚು ಸೋಸುತ್ತದೆ, ಅದರಿಂದ ಹಾಳಾಗುತ್ತದೆ ಅನ್ನುವುದಕ್ಕೆ ಗಟ್ಟಿ ಪುರಾವೆ ಇಲ್ಲ. ಆದರೆ ಈಗಾಗಲೇ ಕಿಡ್ನಿ ಕಾಯಿಲೆ ಇದ್ದರೆ ಮಾತು ಬೇರೆ, ಪ್ರಮಾಣ ಡಾಕ್ಟರ್ ನಿಗದಿ ಮಾಡಬೇಕು. ಡಯಾಲಿಸಿಸ್‌ನಲ್ಲಿ ಇರುವವರಿಗೆ ತಿರುಗಿ ಜಾಸ್ತಿ ಬೇಕು, ಕೆಜಿಗೆ 1.0-1.2 ಗ್ರಾಂ, ಯಾಕೆಂದರೆ ಅದರಲ್ಲಿ ಅಮೈನೋ ಆಮ್ಲಗಳೂ ಸೋರಿಹೋಗುತ್ತವೆ. ಬಹಳ ಮನೆಗಳಲ್ಲಿ ಡಯಾಲಿಸಿಸ್ ಶುರುವಾದ ಮೇಲೂ ಪ್ರೋಟೀನ್ ಕಡಿಮೆ ಮಾಡುವ ಹಳೇ ಪಥ್ಯವನ್ನೇ ಮುಂದುವರಿಸಿ ರೋಗಿಯನ್ನು ಇನ್ನಷ್ಟು ಸೊರಗಿಸುತ್ತಾರೆ, ನೋಡಿದಾಗ ಸಂಕಟವಾಗುತ್ತದೆ. ಹಾಗಾಗಿ ಅಮ್ಮನಿಗೆ ಏರಿಸುವ ಮೊದಲು ಕಿಡ್ನಿಯ ಕೆಲಸ ತೋರಿಸುವ ಕ್ರಿಯಾಟಿನಿನ್ ರಕ್ತಪರೀಕ್ಷೆ ಒಂದು, ಮೂತ್ರ ಪರೀಕ್ಷೆ ಒಂದು ಮಾಡಿಸಿ.

ಹಳೇ_ಓದುಗ

ಮೇಡಂ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಬರೀ ತಿನ್ನಿಸಿದರೆ ಸಾಲದು, ನಡೆಸಬೇಕು. ಆರೋಗ್ಯವಾಗಿದ್ದ ವಯಸ್ಸಾದವರನ್ನು 10 ದಿನ ಹಾಸಿಗೆಯಲ್ಲೇ ಇಟ್ಟು ನೋಡಿದ ಅಧ್ಯಯನದಲ್ಲಿ ಕಾಲುಗಳಿಂದಲೇ ಸುಮಾರು 1 ಕೆಜಿ ಕೊಬ್ಬಲ್ಲದ ತೂಕ ಕರಗಿತ್ತು. ಊಟ ಕೊಡುತ್ತಲೇ ಇದ್ದರು. ಬಳಸದ ಸ್ನಾಯು ರಕ್ತದಲ್ಲಿ ಅಮೈನೋ ಆಮ್ಲ ಇದ್ದರೂ ತೆಗೆದುಕೊಳ್ಳುವುದಿಲ್ಲ.

ತಟ್ಟೆ_ತೂಕ

ಹೌದು, ತುಂಬಾ ಸರಿ. ಕುರ್ಚಿಯಿಂದ ಕೈ ಊರದೆ ಏಳುವುದು, ಕೂರುವುದು, ಇಷ್ಟೇ ಸಾಕು ಶುರುವಿಗೆ. ಊಟದ ಮೊದಲು ಮಾಡಿಸಿ. ವ್ಯಾಯಾಮ ಆದ ಸ್ನಾಯು ಕನಿಷ್ಠ ಒಂದು ದಿನದವರೆಗೆ ಪ್ರೋಟೀನ್‌ಗೆ ಹೆಚ್ಚು ಸ್ಪಂದಿಸುತ್ತದೆ, ಅರ್ಧ ಗಂಟೆಯೊಳಗೇ ಕುಡಿಯಬೇಕು ಅನ್ನುವ ಓಟ ಯಾರಿಗೂ ಬೇಡ.

ಬೆಳಗಿನ_ಓಟ

ಅಮ್ಮನಿಗೆ ಪರೀಕ್ಷೆ ಈ ವಾರವೇ ಮಾಡಿಸುತ್ತೇನೆ ಮೇಡಂ. ಕೊನೆಯದೊಂದು. ನನ್ನ ಎರಡನೇ ಊಟ ರಾತ್ರಿ ತಡವಾಗಿ, ತಿಂದು ಮಲಗುವುದೇ. ನಿದ್ದೆಯಲ್ಲಿ ಕರುಳೂ ಮಲಗುತ್ತದಾ?

ಜೀವರಸ

ಇಲ್ಲ, ಕರುಳು ಕೆಲಸ ಮಾಡುತ್ತಲೇ ಇರುತ್ತದೆ. 2012ರಲ್ಲಿ ಅದೇ ಮಾಸ್ಟ್ರಿಕ್ಟ್‌ನವರು ಸಂಜೆ ವ್ಯಾಯಾಮ ಮಾಡಿದ ಯುವಕರಿಗೆ ಮಲಗುವ ಮುಂಚೆ 40 ಗ್ರಾಂ ಕೇಸಿನ್ ಕೊಟ್ಟು ರಾತ್ರಿಯಿಡೀ ಅಳೆದರು. ಸರಿಯಾಗಿ ಅರಗಿತು, ಹೀರಿಕೊಂಡಿತು, ಸ್ನಾಯು ಕಟ್ಟುವ ವೇಗ ಪ್ರೋಟೀನ್ ಇಲ್ಲದವರಿಗಿಂತ ಸುಮಾರು 22% ಜಾಸ್ತಿ ಇತ್ತು. ಎದೆ ಉರಿ ಬರುವುದಿಲ್ಲ ಅಂದರೆ ನಿಮ್ಮ ಎರಡು ಊಟ ಹಾಗೇ ನಡೆಯಲಿ. ದಿನದ ಒಟ್ಟು ಪ್ರಮಾಣ ಸರಿಯಿದೆಯಾ ಅಂತ ಮಾತ್ರ ಒಂದು ವಾರ ಬರೆದಿಟ್ಟು ನೋಡಿ. ಅಮ್ಮನ ರಿಪೋರ್ಟ್ ಬಂದ ಮೇಲೆ ಇಲ್ಲೇ ಹಾಕಿ, ಮೇಡಂ ನೋಡಿ ಹೇಳುತ್ತಾರೆ.